ಕಾರಿನ ಹೀಟರ್‌ನಿಂದ ತಣ್ಣನೆಯ ಗಾಳಿ ಬರುವುದೇಕೆ?

ಹೀಟರ್‌ಗೆ ಬೇಕಾದ ಬಿಸಿ ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲೆಂಟ್‌ನಿಂದಲೇ ಬರುವುದರಿಂದ, 15 ನಿಮಿಷ ಓಡಿಸಿದ ಮೇಲೂ ಗಾಳಿ ತಣ್ಣಗಿದ್ದರೆ, ಎಂಜಿನ್ ಪೂರ್ತಿ ತಣ್ಣಗಾದ ನಂತರ ಮೊದಲು ಕೂಲೆಂಟ್ ಮಟ್ಟವನ್ನು ನೋಡಬೇಕು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ತೆರೆಯಲೇಬಾರದು. ಮಟ್ಟ ಸರಿಯಿದ್ದೂ ತಾಪಮಾನದ ಮುಳ್ಳು ಮೇಲೇರದಿದ್ದರೆ, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಕವಾಟ) ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. (ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆಂದು ನಮ್ಮ ಕೆಲವು ಮೆಕ್ಯಾನಿಕ್‌ಗಳು ಅದನ್ನು ಕಿತ್ತೇ ಹಾಕಿರುತ್ತಾರೆ; ಅದರ ಫಲ ಗೊತ್ತಾಗುವುದು ಮಡಿಕೇರಿಯ ಚಳಿಯಲ್ಲಿ.) ಮುಳ್ಳು ಸರಿಯಾಗಿ ಏರಿದ್ದರೆ, ಎಂಜಿನ್ ನಿಲ್ಲಿಸಿ, ಹೀಟರ್‌ನ ಎರಡೂ ಹೋಸ್‌ಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ: ಒಂದು ಮಾತ್ರ ಬಿಸಿಯಿದ್ದರೆ ಹೀಟರ್ ಕೋರ್ (ಕೂಲೆಂಟ್‌ನ ಬಿಸಿಯನ್ನು ಗಾಳಿಗೆ ಕೊಡುವ ಪುಟ್ಟ ರೇಡಿಯೇಟರ್) ಕಟ್ಟಿಕೊಂಡಿರಬಹುದು ಅಥವಾ ಅದರಲ್ಲಿ ಗಾಳಿ ಸೇರಿಕೊಂಡಿರಬಹುದು, ಎರಡೂ ಬಿಸಿಯಿದ್ದರೆ, ಬಿಸಿ ಗಾಳಿಯನ್ನೂ ತಣ್ಣನೆಯ ಗಾಳಿಯನ್ನೂ ಬೆರೆಸಲು ಡ್ಯಾಶ್‌ಬೋರ್ಡಿನೊಳಗಿರುವ ಫ್ಲ್ಯಾಪ್ ಅಥವಾ ಅದನ್ನು ತಿರುಗಿಸುವ ಕೇಬಲ್ ಇಲ್ಲವೇ ಮೋಟರ್ ಅನ್ನು ಪರೀಕ್ಷಿಸಬೇಕು.