ದೊಡ್ಡೋನನ್ನ ಅಜ್ಜಿ ಮನೇಲಿ ಬಿಡ್ಲಾ, ಬೇಡ್ವಾ?

"ಅಕ್ಕಾ, ನಮಗೆ ಇಬ್ರು ಮಕ್ಳು. ಮಗನಿಗೆ ಮೂರೂವರೆ ವರ್ಷ, ಮಗಳಿಗೆ ನಾಲ್ಕು ತಿಂಗ್ಳು. ಬೆಂಗಳೂರಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ, ಅತ್ತೆ ನಮ್ಮ ಜೊತೇಲೇ ಇದಾರೆ. ಪಾಪು ಬಂದಾಗಿಂದ ಮಗ ಮೊದಲಿನ ಹಾಗಿಲ್ಲ. ನಿಂತು ಹೋಗಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಶುರುವಾಗಿದೆ, ಬಾಟ್ಲಲ್ಲೇ ಹಾಲು ಬೇಕು ಅಂತಾನೆ, ಮೊನ್ನೆ ಪಾಪು ಕೆನ್ನೆ ಕೆಂಪಗಾಗೋ ಹಾಗೆ ಚಿವುಟಿದ. ಸಿಟ್ಟಲ್ಲಿ ಬೆನ್ನಿಗೆ ಹೊಡೆದ್ಬಿಟ್ಟೆ, ಆಮೇಲೆ ಬಾತ್‌ರೂಮಲ್ಲಿ ಕೂತು ಅತ್ಬಿಟ್ಟೆ. ಅತ್ತೆ, 'ಇವನನ್ನ ಒಂದು ವರ್ಷ ಅರಸೀಕೆರೆಲಿ ನಿಮ್ಮಮ್ಮನ ಹತ್ರ ಬಿಡು, ಅಲ್ಲೇ ಅಂಗನವಾಡಿಗೆ ಹೋಗ್ಲಿ' ಅಂತಿದಾರೆ. ನಮ್ಮನೆಯವ್ರೂ ಅದೇ ಸರಿ ಅಂತಾರೆ. ಇನ್ನೆರಡು ತಿಂಗಳಿಗೆ ನಾನೂ ಆಫೀಸಿಗೆ ಹೋಗ್ಬೇಕು. ಕಳಿಸ್ಲಾ?"

ಬೇಡಮ್ಮ. ಈಗಂತೂ ಬೇಡ.

ಅಜ್ಜಿ ಮನೆ ಕೆಟ್ಟದ್ದು ಅಂತ ಅಲ್ಲ, ತೆಂಗಿನ ತೋಟ, ಕರು, ಅಂಗಳ, ನಿಮ್ಮ ಒಂದು ಬೆಡ್‌ರೂಮಿಗಿಂತ ಸಾವಿರ ಪಾಲು ವಾಸಿ ಇರಬಹುದು. ಆದ್ರೆ ಮೂರೂವರೆ ವರ್ಷದ ಮಗು ಲೆಕ್ಕ ಹಾಕೋದು ಹೇಗೆ ಅಂದ್ರೆ, ಪಾಪು ಬಂತು, ನನ್ನ ಆಚೆ ಹಾಕಿದ್ರು, ಅಷ್ಟೇ. ನೀವು ಎಷ್ಟೇ ಮುದ್ದಾಗಿ ವಿವರಿಸಿ ಹೇಳಿ, ಅವನಿಗೆ ಕಾಣೋದು ಅಮ್ಮನ ಮಡಿಲಲ್ಲಿ ತಂಗಿ ಇದಾಳೆ, ನನ್ನ ಬ್ಯಾಗ್ ಪ್ಯಾಕ್ ಆಗಿದೆ ಅನ್ನೋದು ಮಾತ್ರ.

ನಂದೇ ಕಥೆ ಹೇಳ್ತೀನಿ. ತಮ್ಮ ಹುಟ್ಟಿದಾಗ ನನಗೆ ನಾಲ್ಕು ವರ್ಷ, ತೀರ್ಥಹಳ್ಳಿ ಹತ್ರ ಅಜ್ಜಿ ಮನೇಲಿ ಬಿಟ್ರು, ಎಂಟು ತಿಂಗ್ಳು ಇದ್ದೆ. ಒಬ್ರೂ ಬೈದಿಲ್ಲ ಹೊಡೆದಿಲ್ಲ, ದಿನಾ ಬೆಲ್ಲ ಹಾಕಿದ ದೋಸೆ. ಆದ್ರೆ ಅಮ್ಮ ಕರ್ಕೊಂಡು ಹೋಗೋಕೆ ಬಂದ ದಿನ ನಾನು ಅಜ್ಜಿ ಸೆರಗಿನ ಹಿಂದೆ ಅಡಗಿ ನಿಂತು "ಅವರು ಯಾರು" ಅಂತ ಕೇಳಿದ್ನಂತೆ. ನನಗೆ ಗೊತ್ತಿತ್ತು ಯಾರು ಅಂತ, ಬೇಕಂತಲೇ ಕೇಳಿದ್ದು, ಅಷ್ಟು ಮಾತ್ರ ಇವತ್ತಿಗೂ ನೆನಪಿದೆ. ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ, ಯಾರಾದ್ರೂ ಆ ವಿಷಯ ಎತ್ತಿದ್ರೆ ಎದ್ದು ಅಡುಗೆಮನೆಗೆ ಹೋಗ್ಬಿಡ್ತಾರೆ.

ಹಾಗಂತ ನಿಮ್ಮ ಅತ್ತೆ ಮೇಲೆ ಸಿಟ್ಟಾಗ್ಬೇಡಿ. ಅವರ ಕಾಲದಲ್ಲಿ ಇದು ಮಾಮೂಲು, ಮನೆ ಸುಧಾರಿಸೋಕೆ ಆಗಲ್ಲ ಅಂದಾಗ ದೊಡ್ಡ ಮಗೂನ ತವರಿಗೆ ಕಳಿಸೋದು. ಅವರು ಹೇಳ್ತಿರೋದು ನಿಜವಾಗಿ ಏನು ಅಂದ್ರೆ, ನನ್ನ ಸೊಸೆ ಸುಸ್ತಾಗಿದಾಳೆ, ಒಂದು ಮಗು ಕಮ್ಮಿ ಆದ್ರೆ ಉಸಿರಾಡ್ತಾಳೆ ಅಂತ. ಕಮ್ಮಿ ಮಾಡಿ, ಆದ್ರೆ ದೊಡ್ಡೋನನ್ನಲ್ಲ, ಸಣ್ಣೋಳನ್ನ, ಅದೂ ದಿನಕ್ಕೆ ಮುಕ್ಕಾಲು ಗಂಟೆ ಮಾತ್ರ.

ಈಗ ನಿಮ್ಮನೇಲಿ ಏನಾಗ್ತಿದೆ ನೋಡಿ, ಸಹಾಯ ಮಾಡೋಕೆ ಬಂದೋರೆಲ್ಲ ಪಾಪುನ ನಿಮ್ಮ ಕೈಗೆ ಕೊಟ್ಟು ದೊಡ್ಡೋನನ್ನ ಎತ್ಕೊಂಡು ಹೋಗ್ತಾರೆ, "ಬಾ ಪುಟ್ಟ, ಅಮ್ಮಂಗೆ ತೊಂದ್ರೆ ಕೊಡ್ಬೇಡ" ಅಂತ. ಎಲ್ಲರ ಮನೇಲೂ ಹೀಗೇನೇ, ಯಾರಿಗೂ ಇದು ತಪ್ಪು ಅಂತ ಹೊಳೆಯೋದೇ ಇಲ್ಲ. ಇದನ್ನ ತಿರುಗಿಸಿ. ಬೆಳಗ್ಗೆ ಅತ್ತೆ ಪಾಪುಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸ್ಕೊಂಡು ನೀರು ಹಾಕಿ, ಒರೆಸಿ, ಬಟ್ಟೆ ಸುತ್ತಿ ಮಲಗಿಸೋಕೆ ಎಷ್ಟು ಹೊತ್ತು ಬೇಕು? ಆ ಹೊತ್ತು ಪೂರ್ತಿ ಅವನದು. (ಲೋಬಾನದ ಹೊಗೆ ಹಾಕೋ ಅಭ್ಯಾಸ ಇದ್ರೆ ಅದೊಂದನ್ನ ಬಿಡೋಕೆ ಹೇಳಿ, ಅಷ್ಟು ಸಣ್ಣ ಮಗು ಶ್ವಾಸಕೋಶಕ್ಕೆ ಹೊಗೆ ಒಳ್ಳೇದಲ್ಲ.) ಬಟ್ಟೆ ಮಡಿಸೋದು, ಕುಕ್ಕರ್ ಇಡೋದು ಎಲ್ಲ ಆಮೇಲೆ. ಮೊಬೈಲ್ ಬೇರೆ ರೂಮಲ್ಲಿ. ಚಪಾತಿ ಹಿಟ್ಟಲ್ಲಿ ಹಾವು ಮಾಡ್ತಾನೋ, ನಿಮ್ಮ ಬೆನ್ನ ಮೇಲೆ ಕೂತು ಬಸ್ ಓಡಿಸ್ತಾನೋ, ಅವನು ಹೇಳಿದ್ದೇ ಆಟ. ಮೂರು ದಿನಕ್ಕೆ ಏನೂ ಕಾಣಲ್ಲ, ಮೂರು ವಾರ ಬಿಡದೆ ಮಾಡಿ.

ಇನ್ನೊಂದು, "ನೀನು ದೊಡ್ಡೋನಲ್ವಾ" ಅನ್ನೋ ಮಾತನ್ನ ಮನೇಲಿ ಎಲ್ರೂ ನಿಲ್ಲಿಸಿ. ದೊಡ್ಡೋನಾಗಿ ಅವನಿಗೆ ಸಿಕ್ಕಿದ್ದೇನು ಪಾಪ, ಬರೀ ಬೈಗುಳ. ಬಾಟ್ಲು ಕೇಳಿದ್ರೆ ದೊಡ್ಡ ರಾದ್ಧಾಂತ ಮಾಡದೆ ಒಂದೆರಡು ಸಲ ಕೊಟ್ಟುಬಿಡಿ, ಆಮೇಲೆ ತಾನೇ ಲೋಟಕ್ಕೆ ಬರ್ತಾನೆ.

ಚಿವುಟೋ ವಿಷಯದಲ್ಲಿ ಮಾತ್ರ ನಾನು ಸ್ಟ್ರಿಕ್ಟು. ಇಬ್ರನ್ನೂ ಒಂದೇ ರೂಮಲ್ಲಿ ಒಂದು ನಿಮಿಷವೂ ಅವರಷ್ಟಕ್ಕೆ ಬಿಡ್ಬೇಡಿ, ಹಾಲುಕ್ಕತ್ತೆ ಅಂತ ಓಡೋವಾಗ್ಲೂ ಒಬ್ರನ್ನ ಎತ್ಕೊಂಡೇ ಓಡಿ. ಕೈ ಎತ್ತಿದ್ರೆ ಆ ಕೈ ಹಿಡ್ಕೊಂಡು "ಪಾಪುಗೆ ನೋವಾಗತ್ತೆ, ಬಿಡಲ್ಲ ನಾನು" ಅಂತ ಒಂದೇ ಸಲ, ಮೆಲ್ಲಗೆ. ಭಾಷಣ ಬೇಡ. "ಪಾಪು ಮೇಲೆ ಸಿಟ್ಟು ಬಂತಾ?" ಅಂತ ಕೇಳಿ, ಹೂಂ ಅಂದ್ರೆ ಅನ್ಲಿ, ಬಾಯಲ್ಲಿ ಬಂದದ್ದು ಕೈಯಲ್ಲಿ ಬರೋದು ಕಮ್ಮಿ. ನೀವು ಹೊಡೆದದ್ದಕ್ಕೆ ಅವನ ಹತ್ರ ಸಾರಿ ಕೇಳಿದ್ರಾ? ಕೇಳಿಲ್ಲ ಅಂದ್ರೆ ಇವತ್ತು ಕೇಳಿ, ತಡ ಏನೂ ಆಗಿಲ್ಲ.

ಹಾಸಿಗೆ ಒದ್ದೆ ಮಾಡೋದಕ್ಕೆ ಹೆದರ್ಬೇಡಿ, 5 ವರ್ಷದ ತನಕ ಡಾಕ್ಟರುಗಳು ಅದನ್ನ ಕಾಯಿಲೆ ಅಂತಲೇ ಲೆಕ್ಕಕ್ಕೆ ತಗೊಳಲ್ಲ, ತಮ್ಮನೋ ತಂಗಿಯೋ ಹುಟ್ಟಿದಾಗ ನಿಂತದ್ದು ಮತ್ತೆ ಶುರುವಾಗೋದು ತುಂಬಾ ಮನೆಗಳಲ್ಲಿ ಇದೆ. ಆದ್ರೆ ಉಚ್ಚೆ ಹೊಯ್ಯೋವಾಗ ಉರಿ ಅಂತ ಅತ್ರೆ, ಸಿಕ್ಕಾಪಟ್ಟೆ ನೀರು ಕುಡೀತಿದ್ರೆ, ಮಲಬದ್ಧತೆ ಇದ್ರೆ ಒಂದ್ಸಲ ತೋರಿಸಿ. ಅವನೆದುರಿಗೆ ಪಕ್ಕದ ಮನೆಯವರ ಹತ್ರ ಈ ವಿಷಯ ಮಾತಾಡ್ಬೇಡಿ, ನಗ್ಬೇಡಿ.

ಈಗ ನಿಮ್ಮ ವಿಷಯ. ಬಾತ್‌ರೂಮಲ್ಲಿ ಕೂತು ಅತ್ತದ್ದು ಒಂದು ದಿನದ್ದಾದ್ರೆ ಅದು ಸುಸ್ತು. ಎರಡು ವಾರದಿಂದ ಹೆಚ್ಚುಕಮ್ಮಿ ದಿನಾ ಅಳು, ಪಾಪು ಮಲಗಿದ್ರೂ ನಿಮಗೆ ನಿದ್ದೆ ಇಲ್ಲ, ಏನೂ ಬೇಡ ಅನ್ಸತ್ತೆ ಅಂದ್ರೆ ಅದು ಬಾಣಂತನದ ಡಿಪ್ರೆಶನ್ ಇರಬಹುದು, ಹೆರಿಗೆ ಮಾಡಿಸಿದ ಡಾಕ್ಟರ ಹತ್ರ ಬಾಯ್ಬಿಟ್ಟು ಹೇಳಿ. ಹೊರಗೆ ಹೋಗೋಕೆ ಆಗದಿದ್ರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದೇ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆಫೀಸಿನ ಚಿಂತೆಗೆ ಒಂದು ಮಾತು. ನಿಮ್ಮ 26 ವಾರದ ರಜೆ ಬಂದದ್ದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ, ಅದೇ ತಿದ್ದುಪಡೀಲಿ 50 ಜನಕ್ಕಿಂತ ಕಮ್ಮಿ ಇಲ್ಲದ ಕಂಪನಿ ಮಕ್ಕಳಿಗೆ ಕ್ರೆಶ್ (ಕೆಲ್ಸದ ಹೊತ್ತಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ಜಾಗ) ಸೌಲಭ್ಯ ಕೊಡ್ಬೇಕು ಅಂತಲೂ ಬಂತು. ಎಚ್‌ಆರ್ ತಾವಾಗೇ ಹೇಳಲ್ಲ, ಮೇಲ್ ಹಾಕಿ ಕೇಳಿ. ಮತ್ತೆ ನಿಮ್ಮ ಯಜಮಾನ್ರು ಇಡೀ ಪತ್ರದಲ್ಲಿ ಮಾಡಿದ ಕೆಲ್ಸ "ಸರಿ" ಅಂದದ್ದು ಒಂದೇ. ರಾತ್ರಿ ಒದ್ದೆಯಾದಾಗ ಏಳೋದು, ಚಡ್ಡಿ ಬದಲಾಯ್ಸೋದು ಇವತ್ತಿಂದ ಅವರ ಡ್ಯೂಟಿ, ಹಾಲು ಕುಡಿಸೋಕೆ ಹೇಗೂ ನೀವು ಏಳ್ತೀರಲ್ಲ.

ಅರಸೀಕೆರೆಗೆ ಹೋಗ್ಲೇಬೇಡಿ ಅಂತ ಅಲ್ಲ. ರಜೆ ಮುಗಿಯೋಕೆ ಮುಂಚೆ ಒಂದು ಹತ್ತು ದಿನ ನೀವು, ಅವನು, ಪಾಪು ಮೂವರೂ ಹೋಗಿ, ಮೂವರೂ ವಾಪಸ್ ಬನ್ನಿ. ಅತ್ತೆಗೂ ಹತ್ತು ದಿನ ರೆಸ್ಟು, ಅವರಿಗೆ ಯಾರೂ ಕೊಡದ ರಜೆ ಅದು. ಟ್ರೈನಲ್ಲಿ ಕಿಟಕಿ ಸೀಟು ಅವನಿಗೇ ಕೊಡಿ.

ಹಾಂ, ರಬ್ಬರ್ ಶೀಟ್ ಎರಡು ತಗೊಳ್ಳಿ. ಒಂದು ಒಣಗೋಕೆ ಹಾಕಿದಾಗ ಇನ್ನೊಂದು ಬೇಕಾಗತ್ತೆ.