ಗಾಜಿನ ಇಎಲ್ ಪ್ಯಾನೆಲ್ ಅಂಚಿನಿಂದ ಕಪ್ಪಾಗುವುದು ಯಾಕೆ?

ಪ್ರಶ್ನೆ: ವಿದ್ಯುತ್ ಹರಿಯುವ ಲೇಪನವಿರುವ ಗಾಜಿನ ಮೇಲೆ ಫಾಸ್ಫರ್ (ವಿದ್ಯುತ್ ಕೊಟ್ಟಾಗ ಬೆಳಗುವ ಪುಡಿ) ಬಳಿದು ಎಲೆಕ್ಟ್ರೋಲ್ಯೂಮಿನೆಸೆಂಟ್ (ಇಎಲ್) ಪ್ಯಾನೆಲ್ ಮಾಡಿದೆ. ಮೊದಲು ಒಳ್ಳೆಯ ಹಸಿರು ಬೆಳಕು ಬಂತು. ಈಗ ಅಂಚು ಕಪ್ಪಾಗಿದೆ, ಬೆಳಕೂ ಮಂಕು. ಪ್ಯಾನೆಲ್ಲಿಗೆ ಎಸಿ ಕೊಡುವ ಇನ್ವರ್ಟರ್‌ನ ಫ್ರೀಕ್ವೆನ್ಸಿ ಏರಿಸಿದರೆ ಸರಿಹೋಗುತ್ತದೆಯೇ?

ಉತ್ತರ: ದಯವಿಟ್ಟು ಏರಿಸಬೇಡಿ. ಬೆಳಕು ಜಾಸ್ತಿಯಾಗುತ್ತದೆ ನಿಜ, ಬಣ್ಣವೂ ಸ್ವಲ್ಪ ನೀಲಿಗೆ ತಿರುಗುತ್ತದೆ. ಆದರೆ ಫಾಸ್ಫರ್ ಅಷ್ಟೇ ಬೇಗ ಸವೆಯುತ್ತದೆ.

ಕಪ್ಪು ಅಂಚಿನಿಂದ ಶುರುವಾಯಿತು ಎಂದಿರಿ. ಅದೇ ಮುಖ್ಯ ಸುಳಿವು. ನಿಮ್ಮ ಪ್ಯಾನೆಲ್ಲಿಗೆ ತೇವ ಹೊಕ್ಕಿದೆ. ನಡುವೆ ಅಲ್ಲಲ್ಲಿ ಸಣ್ಣ ಕಪ್ಪು ಚುಕ್ಕೆ ಕಂಡಿದ್ದರೆ ಕಾರಣ ಬೇರೆ. ಫಾಸ್ಫರ್ ಹಿಂದೆ ಬಳಿಯುವ ಬೇರಿಯಂ ಟೈಟನೇಟ್ ಎಂಬ ನಿರೋಧಕ ಪದರದಲ್ಲಿ ಸೂಜಿತೂತು ಉಳಿದು, ಅಲ್ಲಿ ಕಿಡಿ ಹಾರಿ ಸುಟ್ಟಿದೆ ಎನ್ನುತ್ತಿದ್ದೆ.

ಫಾಸ್ಫರ್ ಎಂದರೆ ತಾಮ್ರ ಬೆರೆಸಿದ ಝಿಂಕ್ ಸಲ್ಫೈಡ್ ಪುಡಿ, ಅದಕ್ಕೆ ನೀರಿನಾವಿ ಎಂದರೆ ಆಗದು. 100 ವೋಲ್ಟ್ ಆಸುಪಾಸಿನ ಎಸಿ ಹರಿಯುವಾಗ ತೇವವೂ ಸೇರಿದರೆ ಪುಡಿ ಒಡೆದು ಕಪ್ಪಾಗುತ್ತದೆ. ಗಾಜು ತೇವವನ್ನು ಒಳಗೆ ಬಿಡುವುದಿಲ್ಲ. ಪ್ಲಾಸ್ಟಿಕ್ ಹಾಳೆಗಿಂತ ಗಾಜು ಮೇಲು ಎಂದು ನಾನು ಹೇಳುವುದು ಇದಕ್ಕೇ. ಆದರೆ ಗಾಜು ಕಾಯುವುದು ಮುಂಭಾಗವನ್ನು ಮಾತ್ರ ಅಲ್ವಾ? ವಿದ್ಯುತ್ ಹರಿಸಲು ಹಿಂದೆ ಬಳಿದ ಸಿಲ್ವರ್ ಪೇಸ್ಟ್ ಕಡೆಯಿಂದ, ಪಕ್ಕದಿಂದ, ವೈರ್ ಹೊರಬರುವ ಸಂದಿಯಿಂದ ತೇವ ನುಗ್ಗುತ್ತದೆ.

ಮುಂದಿನ ಸಲ ಫಾಸ್ಫರನ್ನು ಅಂಚಿನವರೆಗೂ ಬಳಿಯಬೇಡಿ. ಸುತ್ತಲೂ ಒಂದು ಬೆರಳಗಲ ಖಾಲಿ ಬಿಡಿ. ಪ್ರತಿ ಪದರವನ್ನೂ ಪೂರ್ತಿ ಒಣಗಿಸಿ. ಇಲ್ಲಿ ಅವಸರ ಮಾಡಿದರೆ ಒಳಗಿನ ತೇವವನ್ನೇ ಸೀಲ್ ಮಾಡಿದಂತಾಗುತ್ತದೆ. ನಾನು ಕಂಡ ಹಾಳಾದ ಪ್ಯಾನೆಲ್‌ಗಳಲ್ಲಿ ಈ ತಪ್ಪೇ ಹೆಚ್ಚು. ಆಮೇಲೆ ಹಿಂಬದಿಗೆ ಇನ್ನೊಂದು ಗಾಜಿಟ್ಟು, ಖಾಲಿ ಬಿಟ್ಟ ಜಾಗದ ತುಂಬ ಎಪಾಕ್ಸಿ ಹಾಕಿ. ಎಪಾಕ್ಸಿಯೂ ನಿಧಾನವಾಗಿ ತೇವವನ್ನು ಒಳಗೆ ಬಿಡುತ್ತದೆ, ಹಾಗಾಗಿ ಪಟ್ಟಿ ಅಗಲವಾದಷ್ಟೂ ಒಳ್ಳೆಯದು. ತೇವ ತಡೆಯುವ ಕವಚವಿರುವ ಫಾಸ್ಫರ್ ಪುಡಿಯೂ ಸಿಗುತ್ತದೆ, ಅದನ್ನೇ ಕೊಳ್ಳಿ.

ಇಷ್ಟು ಮಾಡಿದರೂ ಬೆಳಕು ವರ್ಷಗಟ್ಟಲೆ ಒಂದೇ ಸಮ ಇರುವುದಿಲ್ಲ. ಉರಿದಂತೆಲ್ಲ ಮೆಲ್ಲಗೆ ಇಳಿಯುವುದು ಈ ಪುಡಿಯ ಸ್ವಭಾವ. ಚಂದ್ರನಿಗೆ ಹೋದ ಅಪೋಲೋ ನೌಕೆಯ ಕಂಪ್ಯೂಟರಿನಲ್ಲಿ ಹಸಿರು ಅಂಕಿಗಳನ್ನು ಬೆಳಗಿಸಿದ್ದೂ ಇದೇ ವಿದ್ಯೆ. ನನಗೆ ಇಂದಿಗೂ ಅದು ಬೆರಗು.

ಕಪ್ಪಾದ ಭಾಗ ಮತ್ತೆ ಬೆಳಗುವುದಿಲ್ಲ, ಆದರೆ ಗಾಜನ್ನು ಎಸೆಯಬೇಡಿ. ಇನ್ವರ್ಟರ್ ಕಳಚಿ, ಪ್ಯಾನೆಲ್‌ನ ಎರಡೂ ವೈರ್‌ಗಳನ್ನು ರೆಸಿಸ್ಟರ್ ಮೂಲಕ ಜೋಡಿಸಿ ಉಳಿದ ಚಾರ್ಜ್ ಇಳಿಸಿ. ಇದೂ ಚಾರ್ಜ್ ಹಿಡಿದಿಡುವ ಒಂದು ಕೆಪಾಸಿಟರೇ, ಶಾಕ್ ಹೊಡೆಯುತ್ತದೆ. ಪದರಗಳನ್ನು ಬ್ಲೇಡಿನಿಂದ ಕೆರೆಯದೆ, ಬೈಂಡರ್ (ಪುಡಿಯನ್ನು ಹಿಡಿದಿಡುವ ಅಂಟು) ಕರಗಿಸುವ ದ್ರಾವಕದಲ್ಲಿ ನೆನೆಸಿ ತೆಗೆಯಿರಿ. ನಂತರ ಗಾಜಿನ ಲೇಪನಕ್ಕೆ ಮಲ್ಟಿಮೀಟರ್ ಹಿಡಿದು ನೋಡಿ. ಮೊದಲಿನಷ್ಟೇ ಓಮ್ ತೋರಿಸಿದರೆ ಅದೇ ಗಾಜಿನ ಮೇಲೆ ಮತ್ತೆ ಬಳಿಯಬಹುದು.