ಕಲ್ಲಿನ ಮೇಲಿದ್ದರೂ ಶಾಸನವಲ್ಲ

ಪ್ರಶ್ನೆ: ಈಜಿಪ್ಟಿನ ಹಳೆಯ ಕಾಪ್ಟಿಕ್ ಕ್ರೈಸ್ತರು ಕಲ್ಲಿನ ಚಕ್ಕೆ ಮತ್ತು ಮೂಳೆಗಳ ಮೇಲೆ ಬರೆಯುತ್ತಿದ್ದರೆಂದು ಓದಿದೆ. ಕಲ್ಲಿನಲ್ಲಿ ಕೊರೆಸಿಡುವಷ್ಟು ಮುಖ್ಯವಾದದ್ದು ಅವುಗಳಲ್ಲಿ ಏನಿತ್ತು?

ಉತ್ತರ: ‘ಕೊರೆಸಿಡುವ’ ಎಂಬ ಮಾತನ್ನು ಮೊದಲು ಬದಿಗಿಡಬೇಕು. ಇವುಗಳಲ್ಲಿ ಬಹುಪಾಲು ಉಳಿಯ ಕೆಲಸವಲ್ಲ, ಕಾಡಿಗೆಯ ಮಸಿಯಲ್ಲಿ ಅದ್ದಿದ ಜೊಂಡಿನ ಲೆಕ್ಕಣಿಕೆಯಿಂದ ಬರೆದವು. ನಾವು ಶಾಸನವೆಂದು ಭ್ರಮಿಸುವುದು ಅವರಿಗೆ ಬರಿಯ ಚೀಟಿಯಾಗಿತ್ತು.

ಗಿಡದ ದಂಟಿನಿಂದ ಮಾಡಿದ ಬರೆಯುವ ಹಾಳೆಯಾದ ಪಪೈರಸ್ಸಿಗೆ ದುಡ್ಡು ಬೇಕು. ಮಡಕೆಯ ಬೋಕಿಗೂ ಕಲ್ಲಿನ ಚಕ್ಕೆಗೂ ಬೇಡ. ನೈಲ್ ನದಿಯ ಪಶ್ಚಿಮಕ್ಕಿರುವ ಥೀಬ್ಸ್ ಬೆಟ್ಟಗಳಲ್ಲಿ, ಫೇರೋಗಳ ಕಾಲದಲ್ಲಿ ಗೋರಿಗಳನ್ನು ಕೊರೆದಾಗ ಎದ್ದ ಸುಣ್ಣಕಲ್ಲಿನ ಚಕ್ಕೆಗಳು ರಾಶಿ ಬಿದ್ದಿದ್ದವು. ಅದೇ ಗೋರಿಗಳಲ್ಲಿ 6ರಿಂದ 8ನೆಯ ಶತಮಾನದವರೆಗೆ ವಾಸವಾಗಿದ್ದ ಸನ್ಯಾಸಿಗಳು ಅಂಥದೊಂದನ್ನು ಎತ್ತಿಕೊಂಡು, ನಯವಾದ ಮುಖವನ್ನು ಹುಡುಕಿ, ಮೇಲೊಂದು ಶಿಲುಬೆಯ ಗುರುತು ಹಾಕಿ ಪತ್ರವನ್ನು ಆರಂಭಿಸುತ್ತಿದ್ದರು. ಗೌರವಸ್ಥರಿಗೆ ಬರೆಯಲು ಪಪೈರಸ್ಸೇ ತಕ್ಕದ್ದೆಂಬ ಭಾವನೆ ಇದ್ದುದರಿಂದ, ‘ಕ್ಷಮಿಸಬೇಕು, ಪಪೈರಸ್ ಸಿಗಲಿಲ್ಲ’ ಎಂಬ ಒಕ್ಕಣೆ ಈ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಕಲ್ಲಿನ ಮೇಲೆ ಬರೆದದ್ದಕ್ಕೆ ಕ್ಷಮೆ ಕೇಳಿದ ಜನರಿವರು!

ಕಾಳಿನ ಲೆಕ್ಕ, ಸಾಲದ ಪತ್ರ, ತೆರಿಗೆಯ ರಶೀದಿ, ಬೇಗ ಬಂದು ಹೋಗೆಂಬ ಕರೆ ಇವೆಲ್ಲ ಅವುಗಳಲ್ಲಿವೆ. 8ನೆಯ ಶತಮಾನದಲ್ಲಿ ಫ್ರಾಂಗೆ ಎಂಬ ಸನ್ಯಾಸಿ ಒಂದು ಹಳೆಯ ಗೋರಿಯಲ್ಲಿ ಬಟ್ಟೆ ನೇಯುತ್ತ, ಪುಸ್ತಕಗಳಿಗೆ ರಟ್ಟು ಕಟ್ಟುತ್ತ ಬಾಳಿದ. ಅವನು ಬರೆದ ನೂರಾರು ಚೀಟಿಗಳು ಅಲ್ಲಿಯೇ ಸಿಕ್ಕಿವೆ. ಇವನ್ನು ಓದಿದರೆ, ಸನ್ಯಾಸಿಯೆಂದರೆ ಲೋಕದ ಗೊಡವೆ ಬಿಟ್ಟವನೆಂಬ ನಮ್ಮ ಎಣಿಕೆ ಸಡಿಲವಾಗುತ್ತದೆ. ಆದರೆ ಎಲ್ಲವೂ ಹಗುರ ವಿಷಯವೆಂದು ತಿಳಿಯಬಾರದು. ಕ್ರಿ.ಶ. 600ರ ಸುಮಾರಿಗೆ ಹರ್ಮಂತಿಸ್‌ನ ಬಿಷಪ್ ಆಗಿದ್ದ ಅಬ್ರಹಾಮ, ಹ್ಯಾಟ್‌ಶೆಪ್ಸುಟ್ ರಾಣಿಯ ದೇವಾಲಯದ ಮೇಲೆ ಎದ್ದಿದ್ದ ಮಠದಲ್ಲಿದ್ದು, ಆಡಳಿತದ ಕಾಗದಪತ್ರಗಳನ್ನು ಹೆಚ್ಚಾಗಿ ಇಂಥ ಚೂರುಗಳ ಮೇಲೆಯೇ ನಡೆಸಿದರು. ಪಾದ್ರಿಗಿಂತ ಕೆಳಗಿನ ಡೀಕನ್ ಪದವಿ ಬೇಡಿ ಬಂದವರು, ಯೋಹಾನನ ಸುವಾರ್ತೆಯನ್ನು ಬಾಯಿಪಾಠ ಮಾಡುತ್ತೇವೆಂದು ಬರೆದುಕೊಟ್ಟ ಮುಚ್ಚಳಿಕೆಗಳೂ ಅವುಗಳಲ್ಲಿ ಸೇರಿವೆ.

ಇನ್ನು ಮೂಳೆಯ ಬರಹಗಳು ಬಹಳ ವಿರಳ. ಒಂಟೆಯಂಥ ದೊಡ್ಡ ಪ್ರಾಣಿಯ ಚಪ್ಪಟೆ ಮೂಳೆ ಒಣಗಿದ ಮೇಲೆ ಮಸಿಯನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಅಲ್ಲಿ ಅಗ್ಗವೆಂಬ ಕಾರಣವೊಂದೇ ಸಾಲದು. ಶತ್ರುವಿಗೆ ಕೇಡು ಬಯಸುವ ಮಾಟದ ಮಂತ್ರವನ್ನು ಮೂಳೆಯ ಮೇಲೆ ಬರೆದದ್ದು ಸಿಕ್ಕಿರುವುದರಿಂದ, ಅದನ್ನು ಬರೆದವನು ಪಪೈರಸ್ ಸಿಕ್ಕಿದ್ದರೂ ಮೂಳೆಯನ್ನೇ ಆರಿಸುತ್ತಿದ್ದನೆಂದು ನನಗೆ ತೋರುತ್ತದೆ.